ಕಂಪನಿ ಪೈಕಿ ಹುಡುಗಿ

ಹೊಗಳುವ ಗಿರಾಕಿ ಕೊಳ್ಳುವುದಿಲ್ಲ. ಆರು ವರ್ಷ ಸೇಲ್ಸ್ ಕೆಲಸ ಮಾಡಿ ಶೋಭಿತಾ ಕಲಿತ ಪಾಠಗಳಲ್ಲಿ ಇದು ಮೊದಲನೆಯದು. ನಿಜವಾಗಿ ಕೊಳ್ಳುವವನು ಬಂದವನೇ ಮುಖ ಸಿಂಡರಿಸುತ್ತಾನೆ. ಮೋಟರಿನ ಮೇಲೆ ಬೆರಳಾಡಿಸಿ ಧೂಳು ತೋರಿಸುತ್ತಾನೆ. ಹೊಳೆನರಸೀಪುರದಲ್ಲಿ ಇದೇ ಮಾಲು ಇನ್ನೂ ಕಡಿಮೆಗೆ ಸಿಗುತ್ತದೆ ಎಂದು ರಾಜಾರೋಷವಾಗಿ ಸುಳ್ಳು ಹೇಳುತ್ತಾನೆ. ಅಂಥವನಿಗೆ ಕುರ್ಚಿ ಹಾಕಿ ಕಾಫಿ ತರಿಸಬೇಕು. ‘ಸೂಪರಾಗೈತೆ ಮೇಡಂ’ ಎನ್ನುವವನಿಗೆ ಒಂದು ಬ್ರೋಷರ್ ಕೊಟ್ಟು, ನಗುನಗುತ್ತಾ ಬಾಗಿಲ ತನಕ ಬಿಟ್ಟು ಬರಬೇಕು.

ದಂಡಿಗನಹಳ್ಳಿಯ ಸಂಜಯ್ ನಾಲ್ಕು ಸೋಮವಾರಗಳಿಂದ ಬಂದು ಬಂದು ಸೂಪರಾಗೈತೆ ಎನ್ನುತ್ತಿದ್ದ.

ಅಂಗಡಿ ಇರುವುದು ಹಾಸನದಲ್ಲಿ. ಹಾಲು ಕರೆಯುವ ಮಿಷನ್ನು, ಮೇವು ಕತ್ತರಿಸುವ ಮಿಷನ್ನು ಮಾರುತ್ತಾರೆ. ಮಾಲೀಕ ಶಶಿಕುಮಾರ್ ಕೌಂಟರ್ ಬಿಟ್ಟು ಏಳುವ ಪೈಕಿ ಅಲ್ಲ. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಈ ನಾಲ್ಕೂ ತಾಲ್ಲೂಕನ್ನು ಸ್ಕೂಟರಿನಲ್ಲಿ ಸುತ್ತುವವಳು ಶೋಭಿತಾ. ಯಾರನ್ನೂ ಅವಳು ದುಡ್ಡಿದೆಯಾ ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಇರುವವನಿಗೂ ಸಿಟ್ಟು, ಇಲ್ಲದವನಿಗೂ ಸಿಟ್ಟು. ಎಷ್ಟು ಹಸು ಹಾಲು ಕೊಡುತ್ತಿವೆ, ಕರೆಯುವವರು ಯಾರು, ಕೊಟ್ಟಿಗೆಗೆ ಕರೆಂಟು ಇದೆಯಾ ಎಂದು ಕಷ್ಟಸುಖ ಮಾತಾಡಿದ ಹಾಗೆ ವಿಚಾರಿಸುತ್ತಾಳೆ. ಕೊನೆಗೆ, ‘ಮಿಷನ್ ತಗೊಂಡು ಹೋದರೆ ಮನೆಯಲ್ಲಿ ಯಾರು ಏನಂತಾರೆ?’ ಎನ್ನುತ್ತಾಳೆ. ಉತ್ತರ ಹೇಳುವಾಗ ಯಾರ ಹೆಸರಿಗೆ ದನಿ ತಗ್ಗುತ್ತದೋ, ಆ ಮನೆಯಲ್ಲಿ ತೀರ್ಮಾನ ಅವರದು.

ಸಂಜಯನನ್ನು ಮಾತ್ರ ಅವಳು ಇಷ್ಟೆಲ್ಲ ಕೇಳಿರಲಿಲ್ಲ. ಕೇಳುವ ಅಗತ್ಯವಿಲ್ಲ ಎಂದುಕೊಂಡಿದ್ದಳು. ಅವಳು ಮಿಷನ್ ತೋರಿಸುವಾಗ ಅವನು ಅವಳನ್ನು ನೋಡುತ್ತಿದ್ದ, ಅವಳು ಅವನತ್ತ ತಿರುಗಿದರೆ ತಟ್ಟನೆ ಮಿಷನ್ ನೋಡುತ್ತಿದ್ದ. ಒಂದು ವಾರ ಹಸು ಒದೆಯುತ್ತದಾ ಎಂದು ಕೇಳಿದ. ಇನ್ನೊಂದು ವಾರ ಕೆಚ್ಚಲು ಬಾತುಕೊಳ್ಳುತ್ತದಾ ಎಂದ. ನಾಲ್ಕನೆಯ ವಾರ ಹಾಲಿಗೆ ರಬ್ಬರ್ ವಾಸನೆ ಬರುತ್ತದಾ ಎಂದ. ಟೈಂಪಾಸ್ ಗಿರಾಕಿ ಎಂದು ಅವಳು ಡೈರಿಯಲ್ಲಿ ಬರೆದುಕೊಂಡಳು.

ಐದನೆಯ ಸೋಮವಾರ ಅವಳು ತನ್ನ ಅಸ್ತ್ರ ತೆಗೆದಳು.

“ಒಂದ್ಸಲ ಮನೆಯವರ ಜೊತೆ ಕೂತು ಮಾತಾಡಿ ಬನ್ನಿ ಸರ್. ಅವಸರ ಏನಿಲ್ಲ.”

ಅವನು ಬ್ರೋಷರ್ ತೆಗೆದುಕೊಳ್ಳಲಿಲ್ಲ. “ನನ್ನ ಸಾಗಾಕ್ತಾ ಇದೀರ ಅಲ್ವಾ ಮೇಡಂ?”

“ಅಯ್ಯೋ, ಹಾಗೇನಿಲ್ಲ.”

“ಹಸು ಯಾಪಾರಕ್ಕೆ ನಮ್ಮನೆ ತಾವ ಬರೋ ದಲ್ಲಾಳಿಗೆ ನಾನೂ ಇದೇ ಮಾತು ಯೋಳೋದು. ಅವಸರ ಏನಿಲ್ಲ ಅಂದ್ರೆ ಇನ್ಮೇಲೆ ಬರಬ್ಯಾಡ ಅಂತ.”

ಸಿಕ್ಕಿಬಿದ್ದ ಶೋಭಿತಾಳ ಕಿವಿ ಬಿಸಿಯಾಯಿತು. ಗಿರಾಕಿಗಳನ್ನು ಓದುವುದು ತನ್ನ ಕೆಲಸ, ಗಿರಾಕಿ ತನ್ನನ್ನು ಓದಿದ್ದು ಅದೇ ಮೊದಲು. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ತುಟಿಯ ಮೂಲೆಯಲ್ಲಿ ಒಂದು ಕಳ್ಳ ನಗು ಇತ್ತು. ಆ ನಗು ನೋಡಿ ಅವಳಿಗೆ ಇನ್ನಷ್ಟು ಕೋಪ ಬಂತು.

“ಮತ್ತೆ ಐದು ವಾರದಿಂದ ಬರೀ ಪ್ರಶ್ನೆ ಕೇಳ್ತಿದೀರಲ್ಲ?”

“ಪ್ರಶ್ನೆ ಒಂದೂ ನಂದಲ್ಲ ಮೇಡಂ, ನಮ್ಮವ್ವಂದು.” ದನಿ ತಗ್ಗಿತು. “ಮಣಿಕಟ್ಟು ಊದ್ಕಂಡೈತೆ, ಕರೆಯಕ್ಕೆ ಆಗಲ್ಲ. ಆದ್ರೂ ಮಿಷನ್ ಬ್ಯಾಡ ಅಂತಾಳೆ. ನಾನು ಇಲ್ಲಿಂದ ಒಂದು ಉತ್ತರ ತಗಂಡೋದ್ರೆ ಮಾರನೇ ದಿನ ಇನ್ನೊಂದು ತಕರಾರು ತೆಗೀತಾಳೆ. ಅದನ್ನ ಒತ್ಕಂಡು ಸೋಮವಾರ ಬತ್ತೀನಿ.”

ಹಣೆ ಚಚ್ಚಿಕೊಳ್ಳಬೇಕು ಎನ್ನಿಸಿತು ಅವಳಿಗೆ. ಮುಖ ಸಿಂಡರಿಸುವ ಗಿರಾಕಿ ದಂಡಿಗನಹಳ್ಳಿಯಲ್ಲಿ ಕೂತಿದ್ದಳು, ತಾನು ಟೈಂಪಾಸ್ ಎಂದು ಬರೆದಿದ್ದು ಆಕೆಯ ದೂತನನ್ನು. ಡೈರಿ ತೆಗೆದು ಅವನ ಎದುರಿಗೇ ಆ ಸಾಲು ಹೊಡೆದು ಹಾಕಿದಳು.

“ಬುಧವಾರ ಮನೆಗೇ ಬಂದು ಡೆಮೊ ಕೊಡ್ತೀನಿ. ನಿಮ್ಮಮ್ಮ ಇರಬೇಕು.”

“ನಾನು?”

“ನೀವು ಹಸು ಹಗ್ಗ ಹಿಡ್ಕೊಳ್ಳಿ.”

ಬುಧವಾರ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಅವಳು ದಂಡಿಗನಹಳ್ಳಿ ತಲುಪಿದಳು. ಸಂಜಯನ ಅಪ್ಪ ಚನ್ನಪ್ಪ ಜಗಲಿಯ ಮೇಲೆ ಕೂತಿದ್ದರು. ಜಮೀನಿನ ಗತ್ತು ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಬಾ ಎನ್ನುವ ಮೊದಲೇ ಅವರು ಕೇಳಿದ್ದು ಎರಡು ಪ್ರಶ್ನೆ.

“ಯಾವೂರವ್ವ? ಯಾವ ಪೈಕಿ?”

ಈ ಎರಡನೆಯ ಪ್ರಶ್ನೆಯನ್ನು ಶೋಭಿತಾ ನಾಲ್ಕೂ ತಾಲ್ಲೂಕಿನ ಜಗಲಿಗಳಲ್ಲಿ ಕೇಳಿದ್ದಾಳೆ. ನೀರು ಕೊಡುವ ಮೊದಲು ಕೇಳುತ್ತಾರೆ, ಯಾಕೆಂದರೆ ನೀರು ಯಾವ ಲೋಟದಲ್ಲಿ ಕೊಡಬೇಕೆಂಬುದು ಅವರಿಗೆ ತಿಳಿಯಬೇಕು. ಶಶಿಕುಮಾರ್ ಕೆಲಸಕ್ಕೆ ಸೇರಿಸಿಕೊಂಡ ದಿನವೇ ಇದಕ್ಕೊಂದು ಉತ್ತರ ಹೇಳಿಕೊಟ್ಟಿದ್ದರು.

“ಕಂಪನಿ ಪೈಕಿ ಯಜಮಾನ್ರೇ,” ಎಂದು ಅವಳು ನಕ್ಕಳು.

ಚನ್ನಪ್ಪನೂ ನಕ್ಕರು. ಎಲ್ಲರೂ ನಗುತ್ತಾರೆ, ಮಾತು ಅಲ್ಲಿಗೆ ಜಾರಿ ಹೋಗುತ್ತದೆ, ಮಿಷನ್ ಮಾರಾಟವಾಗುತ್ತದೆ. ಇದನ್ನು ನಾಜೂಕು ಎನ್ನುತ್ತಾರೆ. ಆದರೆ ಪ್ರತಿ ಸಲವೂ ದುದ್ದದ ಕಾಲೋನಿಯಲ್ಲಿ ಗಾರೆ ಕೆಲಸ ಮಾಡಿ ತನ್ನನ್ನು ಡಿಗ್ರಿ ಓದಿಸಿದ ಅಪ್ಪ ಕೆಂಚಯ್ಯನ ಹೆಸರನ್ನು ಆ ಒಂದು ನಗುವಿನ ಜೊತೆ ಅವಳು ನುಂಗುತ್ತಿದ್ದಳು. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಕೊಟ್ಟಿಗೆಯಲ್ಲಿ ಸಂಜಯನ ತಾಯಿ ಬೆಟ್ಟಮ್ಮ ಕಲ್ಲಿನ ಮೇಲೆ ಕೂತಿದ್ದಳು. ಶೋಭಿತಾ ಬಿಸಿನೀರಿನಲ್ಲಿ ಕೆಚ್ಚಲು ತೊಳೆದು ಮಿಷನ್ ಹಾಕಿದಳು. ಹಸು ಒಮ್ಮೆ ಕಾಲೆತ್ತಿ ಸುಮ್ಮನಾಯಿತು. ಪೈಪಿನಲ್ಲಿ ಹಾಲು ಹರಿಯತೊಡಗಿತು. ಹಗ್ಗ ಹಿಡಿದ ಸಂಜಯ್ ಹಸುವಿನ ಕತ್ತಿನ ಮೇಲಿಂದ ಅವಳನ್ನೇ ನೋಡುತ್ತಿದ್ದ. “ಹಸು ಆ ಕಡೆ ಇದೆ,” ಎಂದಳು ಮೆಲ್ಲಗೆ. “ಗೊತ್ತು ಬಿಡಿ,” ಎಂದ, ಆದರೆ ಕಣ್ಣು ತಿರುಗಿಸಲಿಲ್ಲ.

ಬೆಟ್ಟಮ್ಮ ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ಯಾರ ಮುಖವನ್ನೂ ಓದಬಲ್ಲ ಶೋಭಿತಾಳಿಗೆ ಆ ಮುಖದಲ್ಲಿ ಒಂದಕ್ಷರವೂ ಸಿಗಲಿಲ್ಲ. ಬೇಡ ಎಂದೇ ಅರ್ಥ ಎಂದುಕೊಂಡು ಗಾಡಿ ಹತ್ತಿದಳು. ಮಾರನೆಯ ದಿನ ಸಂಜಯ್ ಪೂರ್ತಿ ದುಡ್ಡು ತಂದು ಮಿಷನ್ ಕೊಂಡುಹೋದ.

ಹದಿನೈದು ದಿನಕ್ಕೆ ಫೋನ್ ಬಂತು. “ಮೇಡಂ, ಮಿಷನ್ ಯಾಕೋ ಸೌಂಡ್ ಮಾಡ್ತೈತೆ.”

“ಯಾವ ಥರ ಸೌಂಡು?”

“ಶೋಭಿತಾ, ಶೋಭಿತಾ ಅಂತೈತೆ.”

“ಮೆಕ್ಯಾನಿಕ್ ಕಳಿಸ್ತೀನಿ.”

“ಮೆಕ್ಯಾನಿಕ್ ಬಂದ್ರೆ ನಿಂತೋಯ್ತದೆ. ನೀವು ಬಂದ್ರೆ ಜೋರಾಯ್ತದೆ.”

ಅವಳು ಫೋನ್ ಇಟ್ಟು, ಗೋಡೆಗೆ ಮುಖ ಮಾಡಿ ನಕ್ಕಳು. ಆಮೇಲೆ ಸೋಮವಾರಗಳು ಮತ್ತೆ ಶುರುವಾದವು. ಈಗ ಅವನು ಅಂಗಡಿಗೆ ಬರುತ್ತಿರಲಿಲ್ಲ. ಅರಕಲಗೂಡಿಗೆ ಹೋದರೆ ಅಲ್ಲಿನ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಇರುತ್ತಿದ್ದ. ‘ಇಲ್ಲೇನು ಕೆಲಸ?’ ಎಂದರೆ, ‘ಇಲ್ಲಿ ಇಡ್ಲಿ ಚೆನ್ನಾಗಿರ್ತದೆ’ ಎನ್ನುತ್ತಿದ್ದ. ದಂಡಿಗನಹಳ್ಳಿಯಿಂದ ಅರಕಲಗೂಡಿಗೆ ಇಡ್ಲಿ ತಿನ್ನಲು ಬರುವ ಗಂಡಸು ಎಂಥ ಸುಳ್ಳುಗಾರ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವನ ತಟ್ಟೆಯ ಉದ್ದಿನವಡೆ ಅರ್ಧ ಮುರಿದುಕೊಳ್ಳುತ್ತಿದ್ದಳು.

ಮೇಡಂ ಹೋಗಿ ಶೋಭಿತಾ ಆಯಿತು, ನೀವು ಹೋಗಿ ನೀನು ಆಯಿತು. ಅವನಿಗೆ ಸುಳ್ಳು ಹೇಳುವಾಗ ಕಿವಿ ಉಜ್ಜಿಕೊಳ್ಳುವ ಅಭ್ಯಾಸವಿದೆ ಎಂದು ಅವಳು ಕಂಡುಹಿಡಿದಳು. ಅವಳಿಗೆ ಸಿಟ್ಟು ಬಂದಾಗ ‘ಇದೆ’ ಹೋಗಿ ‘ಐತೆ’ ಬರುತ್ತದೆ ಎಂದು ಅವನು ಕಂಡುಹಿಡಿದ. ‘ಸಿಟ್ಟಲ್ಲಿ ನೀನು ಚೆನ್ನಾಗಿ ಕಾಣ್ತೀಯ ಕಣೆ’ ಎಂದು ಬೇಕುಬೇಕೆಂದೇ ಸಿಟ್ಟು ಬರಿಸುತ್ತಿದ್ದ.

ಆದರೆ ಒಂದು ಮಾತು ಇಬ್ಬರೂ ಆಡಿರಲಿಲ್ಲ. ಅದನ್ನು ಅವಳೇ ತೆಗೆದಳು. ಹೊಳೆನರಸೀಪುರದ ಕಡೆ ಹೋಗಿ ವಾಪಸ್ ಬರುವಾಗ ಇಬ್ಬರೂ ಮೊಸಳೆ ಎಂಬ ಊರಿನಲ್ಲಿ ಗಾಡಿ ನಿಲ್ಲಿಸಿದ್ದರು. ಅಕ್ಕಪಕ್ಕ ನಿಂತ ಎರಡು ಗುಡಿಗಳ ನಡುವಿನ ನೆರಳಿನಲ್ಲಿ ಕೂತಿದ್ದರು.

“ಎರಡೂ ಒಂದೇ ಥರ ಅವೆ ನೋಡು, ಜೋಡಿ,” ಎಂದ ಸಂಜಯ್, ಭುಜಕ್ಕೆ ಭುಜ ತಾಗಿಸಿ.

“ಒಳಗಿರೋ ದೇವರು ಬೇರೆ ಬೇರೆ.” ಅವಳು ಸರಿದು ಕೂತಳು. “ನಮ್ಮನೆ ದುದ್ದದ ಕಾಲೋನೀಲಿರೋದು ಸಂಜಯ್. ನಮ್ಮಪ್ಪ ಕೆಂಚಯ್ಯ, ಗಾರೆ ಕೆಲಸ. ನಾನು ಕಂಪನಿ ಪೈಕಿ ಅಲ್ಲ.”

“ಗೊತ್ತು.”

“ಯಾವಾಗಿಂದ?”

“ಡೆಮೊ ದಿನದಿಂದ. ಬೇರೆ ಯಾರಾಗಿದ್ರೂ ನೆಟ್ಟಗೆ ಯೋಳೋರು. ಅಪ್ಪ ಕೇಳ್ದಾಗ ನಕ್ಕು ಜಾರಿಸ್ದ್ಯಲ್ಲ, ಆಗ್ಲೇ ತಿಳೀತು.”

“ತಿಳಿದೂ ಸುಮ್ನಿದ್ದೆ.”

“ನಂಗೇನು ಅದರಿಂದ? ನಂಗೆ ನೀನು ಬೇಕು ಕಣೆ.”

ಆ ಮಾತಿಗಾಗಿ ಅವಳು ಎಷ್ಟು ಸೋಮವಾರ ಕಾದಿದ್ದಳು. ಆದರೂ ಕೆಲಸದ ಅಭ್ಯಾಸ ಬಿಡಲಿಲ್ಲ. “ಮನೇಲಿ ಯಾರು ಏನಂತಾರೆ?” ಎಂದು ಕೇಳಿಯೇಬಿಟ್ಟಳು.

“ಅವ್ವ ಏನೂ ಅನ್ನಲ್ಲ. ಅಪ್ಪ...” ಸಂಜಯನ ದನಿ ತಗ್ಗಿತು. “ಅಪ್ಪಂಗೆ ನಿಧಾನಕ್ಕೆ ಯೋಳ್ತೀನಿ. ಅಲ್ಲಿ ತನಕ ಯಾರಿಗೂ ಗೊತ್ತಾಗೋದು ಬ್ಯಾಡ.” ಕೈ ಕಿವಿಗೆ ಹೋಯಿತು.

ಶೋಭಿತಾ ಎದ್ದು ನಿಂತಳು. ಆರು ವರ್ಷ ಜಗಲಿಗಳಲ್ಲಿ ಮುಚ್ಚಿಟ್ಟದ್ದು ಸಾಲದೆ, ಇನ್ನು ಪ್ರೀತಿಯಲ್ಲೂ ಮುಚ್ಚಿಡಬೇಕೆ?

“ಮನೆಯವರ ಜೊತೆ ಕೂತು ಮಾತಾಡಿ ಬನ್ನಿ ಸರ್. ಅವಸರ ಏನಿಲ್ಲ,” ಎಂದು ಗಾಡಿ ಸ್ಟಾರ್ಟ್ ಮಾಡಿದಳು. ಹಾಸನ ಬರುವ ತನಕ ಅತ್ತಳು.

ಇಂಥ ಸುದ್ದಿಗೆ ಕಾಲು ಬೇಗ ಬರುತ್ತದೆ. ಅದೇ ವಾರ ಚನ್ನಪ್ಪ ಅಂಗಡಿಗೆ ಬಂದರು. ಮೇವು ಕತ್ತರಿಸುವ ಮಿಷನ್ ನೋಡಬೇಕು ಎಂದರು. ಬ್ಲೇಡ್ ಮುಟ್ಟಲಿಲ್ಲ, ಬೆಲೆ ಕೇಳಲಿಲ್ಲ. ಇವರು ನೋಡಲು ಬಂದಿರುವುದು ಮಿಷನ್ನನ್ನಲ್ಲ ಎಂದು ಶೋಭಿತಾ ಅರೆಕ್ಷಣದಲ್ಲಿ ಓದಿದಳು.

“ಅವತ್ತು ಕೇಳಿದ್ದಕ್ಕೆ ಸರಿಯಾಗಿ ಯೋಳ್ಲಿಲ್ಲ ನೀನು,” ಎಂದರು ಚನ್ನಪ್ಪ. “ಇವತ್ತು ಯೋಳು. ಯಾವ ಪೈಕಿ?”

ಕೌಂಟರಿನಿಂದ ಶಶಿಕುಮಾರ್ ಕಣ್ಣಲ್ಲೇ ಸನ್ನೆ ಮಾಡಿದರು, ಜಾರಿಸು ಎಂದು. ಶೋಭಿತಾ ನಗಲಿಲ್ಲ.

“ದುದ್ದದ ಕಾಲೋನಿ ಕೆಂಚಯ್ಯನ ಮಗಳು ಯಜಮಾನ್ರೇ. ನಮ್ಮಪ್ಪ ಕಟ್ಟಿರೋ ಮನೆಗಳು ನಿಮ್ಮ ಹೋಬಳೀಲೂ ಐದಾರು ಅವೆ. ಗೃಹಪ್ರವೇಶ ಆದ್ಮೇಲೆ ಅವರನ್ನ ಒಳಕ್ಕೆ ಕರೆದಿಲ್ಲ ಅಷ್ಟೇ.”

ಚನ್ನಪ್ಪ ತಾಳ್ಮೆಯಿಂದಲೇ ಹೇಳಿದರು. “ಒಳ್ಳೆ ಹುಡುಗಿ ನೀನು, ಕೆಲಸಗಾತಿ. ಅದಕ್ಕೇ ಮರ್ವಾದೆಯಾಗಿ ಯೋಳ್ತೀನಿ, ಅವನ್ನ ಬುಟ್ಬುಡು. ನಾನೊಂದು ಮಾತಂದ್ರೆ ನಮ್ಮ ಹೋಬಳೀಲಿ ಯಾರೂ ನಿನ್ನ ಕೊಟ್ಟಿಗೆ ಒಳಕ್ಕೆ ಸೇರ್ಸಲ್ಲ. ನಿಂಗೇನು ಬೇಕೋ ಕೇಳು, ಇತ್ಯರ್ಥ ಮಾಡ್ಕಳಣ.”

“ಮಾರೋಳು ನಾನು, ಮಾಲಲ್ಲ. ನನ್ನ ಚೌಕಾಸಿ ಮಾಡಬ್ಯಾಡಿ.” ಅವಳು ಕೌಂಟರಿನ ಕಡೆ ನೋಡಲಿಲ್ಲ. “ನಿಮ್ಮ ಮಗನ್ನ ನಾನು ಹಿಡ್ಕಂಡಿದ್ರಲ್ವಾ ಬಿಡೋದು? ಅವರಿಗೆ ಧೈರ್ಯ ಇದ್ರೆ ಬತ್ತಾರೆ. ಇಲ್ಲ ಅಂದ್ರೆ ನಂಗೂ ಬ್ಯಾಡ.”

ಅವರು ಹೋದ ಮೇಲೆ ಶಶಿಕುಮಾರ್ ಬೆವರು ಒರೆಸಿಕೊಂಡರು. “ಸ್ವಲ್ಪ ದಿನ ದಂಡಿಗನಹಳ್ಳಿ ಕಡೆ ಹೋಗಬೇಡಮ್ಮ. ಅಡ್ಜಸ್ಟ್ ಮಾಡ್ಕೋ.”

“ನಾಳೆನೇ ಹೋಗ್ತೀನಿ ಸಾ. ಬೇಡ ಅನ್ನೋ ಹಾಗಿದ್ರೆ ಇವತ್ತೇ ನನ್ನ ಲೆಕ್ಕ ಚುಕ್ತಾ ಮಾಡಿ.”

ನಾಲ್ಕು ತಾಲ್ಲೂಕಿನ ಗಿರಾಕಿಗಳ ಫೋನ್ ನಂಬರ್ ಅವಳ ಡೈರಿಯಲ್ಲಿತ್ತು. ಶಶಿಕುಮಾರ್ ಸ್ಕೂಟರಿನ ಪೆಟ್ರೋಲಿಗೆ ದುಡ್ಡು ತೆಗೆದುಕೊಟ್ಟರು.

ಮರುದಿನ ಅವಳು ಹೋದಳು. ದಂಡಿಗನಹಳ್ಳಿಯ ಮೊದಲ ಜಗಲಿಯಲ್ಲಿ ಯಾರೂ ಕೇಳುವ ಮೊದಲೇ, “ನಾನು ಶೋಭಿತಾ, ದುದ್ದದ ಕಾಲೋನಿ ಕೆಂಚಯ್ಯನ ಮಗಳು. ಹಾಲು ಕರೆಯೋ ಮಿಷನ್ ತಂದಿದೀನಿ,” ಎಂದಳು. ಬೇಡ ಎಂದರು. ಎರಡನೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಮೂರನೆಯ ಮನೆಯ ಗುಂಡಯ್ಯ ಎಂಬ ಮುದುಕ, “ನಂಗೆ ಮಂಡಿನೋವು ಕಣವ್ವ, ಕುಕ್ಕರುಗಾಲಲ್ಲಿ ಕೂತು ಕರೆಯಕ್ಕಾಗಲ್ಲ, ಮೊದ್ಲು ಮಿಷನ್ ತೋರ್ಸು,” ಎಂದು ಕೊಟ್ಟಿಗೆಗೆ ಕರೆದುಕೊಂಡು ಹೋದ. ಮೂರರಲ್ಲಿ ಒಂದು. ಸೇಲ್ಸ್‌ನಲ್ಲಿ ಅದು ಕೆಟ್ಟ ಲೆಕ್ಕವಲ್ಲ. ಅಪ್ಪನ ಹೆಸರನ್ನು ಅವತ್ತು ಅವಳು ನುಂಗಿರಲಿಲ್ಲ.

ಆ ಭಾನುವಾರ ಸಂಜಯ್ ದುದ್ದಕ್ಕೆ ಬಂದ. ಹಾಡಹಗಲಲ್ಲಿ, ಅರಳಿಕಟ್ಟೆಯ ಮೇಲೆ ಜನ ಕೂತಿರುವಾಗ, ‘ಕೆಂಚಯ್ಯನವರ ಮನೆ ಯಾವುದು’ ಎಂದು ನಾಲ್ಕು ಜನರನ್ನು ಕೇಳಿಕೊಂಡೇ ಬಂದ. ಕೈಯಲ್ಲಿ ಒಂದು ಬ್ಯಾಗಿತ್ತು.

ಕೆಂಚಯ್ಯ ಅವನನ್ನು ಕೂರಿಸಿ, ನೀರು ಕೊಟ್ಟು, ಇಟ್ಟಿಗೆ ಪರೀಕ್ಷಿಸುವವನಂತೆ ನೋಡಿದ. “ಮನೇಲಿ ಯೋಳಿ ಬಂದ್ಯೇನಪ್ಪ?”

“ಯೋಳ್ದೆ ಮಾವ. ಮನೆ ಬುಟ್ಟು ಓಗು ಅಂದ್ರು. ಬಂದ್ಬುಟ್ಟೆ. ಚನ್ನರಾಯಪಟ್ಟಣದಲ್ಲಿ ರೂಮು ನೋಡೀನಿ. ಹಾಲಿನ ಡೈರೀಲಿ ಕೆಲಸ ಸಿಕ್ಕೈತೆ.”

“ನಾಳೆ ನಿಮ್ಮಪ್ಪ ಬಂದು ಕೈ ಹಿಡಿದು ಎಳೆದ್ರೆ?”

“ನಿಮ್ಮ ಮಗಳು ಇನ್ನೊಂದು ಕೈ ಹಿಡಿದಿದ್ರೆ ಎಲ್ಲಿಗೂ ಓಗಲ್ಲ.”

ಬಾಗಿಲಲ್ಲಿ ನಿಂತ ಶೋಭಿತಾ ಅವನ ಕೈಯನ್ನೇ ನೋಡುತ್ತಿದ್ದಳು. ಎರಡೂ ಕೈ ಮಂಡಿಯ ಮೇಲಿದ್ದವು. ಕಿವಿಯ ಹತ್ತಿರ ಹೋಗಲಿಲ್ಲ.

ಯಾವುದಾದರೂ ದೂರದ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಬಂದುಬಿಡಿ ಎಂದು ಶಶಿಕುಮಾರ್ ಸಲಹೆ ಕೊಟ್ಟರು. ಶೋಭಿತಾ ಒಪ್ಪಲಿಲ್ಲ. ಜಾತಿ ಕೇಳದ ಕಾನೂನಿನಲ್ಲಿ ಮದುವೆಯಾಗಬೇಕಾದರೆ ಮೂವತ್ತು ದಿನ ಮುಂಚೆ ಅರ್ಜಿ ಕೊಡಬೇಕು. ಇಬ್ಬರ ಹೆಸರು, ತಂದೆಯ ಹೆಸರು, ಊರು, ಎಲ್ಲವನ್ನೂ ನೋಂದಣಿ ಕಚೇರಿಯ ಬೋರ್ಡಿನಲ್ಲಿ ಅಂಟಿಸುತ್ತಾರೆ. ಎಲ್ಲರೂ ಹೆದರುವುದು ಆ ಮೂವತ್ತು ದಿನಕ್ಕೆ. ಅವಳಿಗೆ ಬೇಕಾಗಿದ್ದದ್ದೂ ಅದೇ. “ಅಂಟಿಸಲಿ. ನಾಲ್ಕು ತಾಲ್ಲೂಕೂ ಓದಲಿ,” ಎಂದಳು.

ಚನ್ನರಾಯಪಟ್ಟಣದ ಕಚೇರಿಯ ಬೋರ್ಡಿನ ಮುಂದೆ ದಿನಾ ಮಧ್ಯಾಹ್ನ ಇಬ್ಬರೂ ಬಂದು ನಿಲ್ಲುತ್ತಿದ್ದರು. ಕಡಲೆಕಾಯಿ ತಿನ್ನುತ್ತಾ ತಮ್ಮದೇ ಹೆಸರು ಓದುತ್ತಿದ್ದರು. ಎಂಟನೆಯ ದಿನ ಯಾರೋ ಆ ಹಾಳೆ ಹರಿದಿದ್ದರು. ಶೋಭಿತಾ ಒಳಗೆ ಹೋಗಿ ಹೇಳಿ, ಹೊಸದು ಅಂಟಿಸುವ ತನಕ ಅಲ್ಲಿಂದ ಕದಲಲಿಲ್ಲ. ಹನ್ನೆರಡನೆಯ ದಿನ ಚನ್ನಪ್ಪ ತಕರಾರು ಅರ್ಜಿ ತಂದರು. ವಯಸ್ಸಾಗಿಲ್ಲವೇ, ಮೊದಲೇ ಮದುವೆಯಾಗಿದೆಯೇ, ಹತ್ತಿರದ ರಕ್ತಸಂಬಂಧವೇ ಎಂದು ಗುಮಾಸ್ತ ಒಂದೊಂದಾಗಿ ಕೇಳಿದ. ಅವರ ತಕರಾರು ಆ ಪಟ್ಟಿಯಲ್ಲಿ ಇರಲಿಲ್ಲ. ಅರ್ಜಿ ಮಡಿಸಿ ಜೇಬಿಗಿಟ್ಟುಕೊಂಡು, ಮಗನ ಮುಖ ನೋಡದೆ ಹೊರಟುಹೋದರು. ಸಂಜಯನ ಕಣ್ಣು ತುಂಬಿದವು. ಶೋಭಿತಾ ಅವನ ಕೈ ಹಿಡಿದುಕೊಂಡಳು, ಜನ ನೋಡುತ್ತಿದ್ದರೂ ಬಿಡಲಿಲ್ಲ.

ಮದುವೆಯ ದಿನ ಮೂರು ಸಾಕ್ಷಿ ಬೇಕಿತ್ತು. ಕೆಂಚಯ್ಯ ಬಂದಿದ್ದ. ಶಶಿಕುಮಾರ್ ಕೂಡ, ಕೊನೆಗೂ ಕೌಂಟರ್ ಬಿಟ್ಟು ಎದ್ದು ಬಂದಿದ್ದರು. ಮೂರನೆಯವನು ಸಂಜಯನ ಗೆಳೆಯ ಬಸವರಾಜು. ಹತ್ತು ಗಂಟೆಗೆ ಬರುತ್ತೇನೆ ಎಂದಿದ್ದ. ಹನ್ನೊಂದಾಯಿತು. ಫೋನ್ ಸ್ವಿಚ್ ಆಫ್. ಊರಿನಲ್ಲಿ ಯಾರೋ ಹೆದರಿಸಿದ್ದಾರೆ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಊಟದ ಹೊತ್ತಾದರೆ ಇನ್ನೊಂದು ದಿನ ಬನ್ನಿ ಎಂದರು ಒಳಗಿನವರು.

“ಇವತ್ತೇ ಆಗಬೇಕು,” ಎಂದಳು ಶೋಭಿತಾ. “ರಸ್ತೇಲಿ ಹೋಗೋರನ್ನ ಕೇಳ್ತೀನಿ. ಮಿಷನ್ ಮಾರಿದೋಳು ನಾನು, ಒಂದು ಸಹಿ ಕೇಳಕ್ಕಾಗಲ್ವಾ?”

ಹೊರಗೆ ಬಂದವಳು ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಬೋರ್ಡಿನ ಮುಂದೆ ಬೆಟ್ಟಮ್ಮ ನಿಂತಿದ್ದಳು. ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಸೆರಗು ತಲೆಯ ಮೇಲಿತ್ತು, ಕಾಲಿಗೆ ಧೂಳು ಹತ್ತಿತ್ತು. ಗಂಡ ಬಂದು ಹೋದ ಮೇಲೆ ಈಗ ಹೆಂಡತಿ ತಕರಾರು ತೆಗೆಯಲು ಬಂದಿದ್ದಾಳೆ ಎಂದುಕೊಂಡಳು ಶೋಭಿತಾ.

“ನಂಗೆ ಓದಕ್ಕೆ ಬರಲ್ಲ,” ಎಂದಳು ಬೆಟ್ಟಮ್ಮ, ತಿರುಗದೆ. “ಏನು ಬರ್ದವ್ರೆ ಓದು.”

ಶೋಭಿತಾ ಓದಿದಳು. ಸಂಜಯ್, ತಂದೆ ಚನ್ನಪ್ಪ, ದಂಡಿಗನಹಳ್ಳಿ. ಶೋಭಿತಾ, ತಂದೆ ಕೆಂಚಯ್ಯ, ದುದ್ದ.

“ಹೆತ್ತೋರ ಹೆಸ್ರು?”

“ತಂದೆ ಹೆಸರು ಅಷ್ಟೇ ಅಮ್ಮ.”

“ಅಂಗಾರೆ ಹೆತ್ತೋರು ಅವರೇನಾ?” ಬೆಟ್ಟಮ್ಮ ಈಗ ತಿರುಗಿದಳು. ಆ ಮುಖವನ್ನು ಶೋಭಿತಾ ಮೊದಲ ಸಲ ಹತ್ತಿರದಿಂದ ನೋಡಿದಳು. ಬೇಡ ಎನ್ನುವ ಮುಖವಲ್ಲ ಅದು, ಯಾರೂ ಯಾವತ್ತೂ ಏನು ಬೇಕೆಂದು ಕೇಳದೇ ಹೋದ ಮುಖ. ತಾನೂ ಕೇಳಿರಲಿಲ್ಲ. “ಬಸವರಾಜು ಬರಲ್ಲ, ಅವರಪ್ಪ ಮನೇಲಿ ಕೂಡಾಕವ್ನೆ. ಅದಕ್ಕೇ ಬಂದೆ. ನನ್ನ ಹೆಸ್ರು ಎಲ್ಲಿ ಹಾಕ್ಬೇಕು, ತೋರ್ಸು ನಡಿ.”

ಒಳಗೆ ಸಂಜಯ್ ತಾಯಿಯನ್ನು ಕಂಡು ಕುರ್ಚಿ ಬಿಟ್ಟು ಎದ್ದ. “ಅವ್ವ, ಅಪ್ಪಂಗೆ ಗೊತ್ತಾದ್ರೆ...”

“ಯೋಳೇ ಬಂದಿವ್ನಿ ಕಣ್ಲಾ. ಸಂಜೆ ಹಾಲು ಕರೆಯೋ ಹೊತ್ತಿಗೆ ಬತ್ತೀನಿ ಅಂದೆ, ಬಾಗಿಲು ಹಾಕಿದ್ರೆ ಹಸು ನೀವೇ ಕರ್ಕಳಿ ಅಂದೆ. ಕೂತ್ಕ ಸುಮ್ನೆ.”

ಶೋಭಿತಾ, ಸಂಜಯ್ ಇಬ್ಬರೂ ಸಹಿ ಹಾಕಿದರು. ಕೆಂಚಯ್ಯ ಹಾಕಿದ, ಶಶಿಕುಮಾರ್ ಹಾಕಿದರು. ಅಧಿಕಾರಿ ಪುಸ್ತಕವನ್ನು ಬೆಟ್ಟಮ್ಮನ ಕಡೆಗೆ ತಿರುಗಿಸಿ, ಕನ್ನಡಕದ ಮೇಲಿಂದ ನೋಡಿದರು.

“ಹುಡುಗನ ಕಡೆಯವರಾ ಅಮ್ಮ?”

ಬೆಟ್ಟಮ್ಮ ಇಂಕಿನ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿದಳು.

“ಹುಡುಗಿ ಕಡೆ,” ಎಂದಳು. “ಅಂಗೇ ಬರ್ಕಳಿ ಸಾ.”